ಐವತ್ತೆರಡು ಕಿಲೋ ಸಾಮಾನು

ನಮ್ಮ ಕಾಕಾನ ಕಣ್ಣಿಗೆ ನಾನು ಮನುಷ್ಯಳೇ ಅಲ್ಲ. ಐವತ್ತೆರಡು ಕಿಲೋ ಸಾಮಾನು!

ಸಿಟ್ಟಿನಿಂದ ಹೇಳುತ್ತಿಲ್ಲ. ಅವನು ನನ್ನನ್ನು ಕರೆಯುವುದೇ ಹಾಗೆ. "ಏ ಐವತ್ತೆರಡು, ಚಾ ತಗೊಂಬಾ." ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮುಗಿಸಿ, ಅಣ್ಣಿಗೇರಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನ್ನನ್ನು ಮಕ್ಕಳು ಎದ್ದು ನಿಂತು 'ಮ್ಯಾಡಮ್' ಎನ್ನುತ್ತಾರೆ. ಸಂಜೆ ಬಸ್ಸಿಳಿದು ಮನೆಯ ಹೊಸ್ತಿಲು ದಾಟಿದೆನೋ, ಮತ್ತೆ ಸಾಮಾನು. ಅಪ್ಪ ಎಪ್ಪತ್ತಾರು. ಸೋದರತ್ತೆ ಎಂಬತ್ತೊಂದು. ಪಡಸಾಲೆಯ ತೊಲೆಗೆ ಹತ್ತಿ ಚೀಲ ತೂಗುವ ಕಾಟಾ ನೇತುಹಾಕಿದ್ದಾನೆ. ಬಂದ ನೆಂಟರು ನೀರು ಕುಡಿಯುವುದಕ್ಕೂ ಮೊದಲು ಅದರ ಕೊಂಡಿ ಹಿಡಿದು ಒಮ್ಮೆ ಜೋತುಬೀಳಬೇಕು. ಒಮ್ಮೆ ತೂಗಿದ ಅಂಕಿಯನ್ನು ಅವನು ಮರೆಯುವುದಿಲ್ಲ.

ಅವನ ವೈನಿ, ಅಂದರೆ ಅತ್ತಿಗೆಯಾದ ನಮ್ಮ ಅವ್ವ ಮಾತ್ರ ಎಂದೂ ಅವನ ಕಾಟಾಕ್ಕೆ ಸಿಕ್ಕಿದವಳಲ್ಲ.

"ವೈನಿ, ಒಮ್ಮೆ ಅಷ್ಟ ಜೋತು ಬೀಳ್ರಿ."

"ನಾ ಏನ್ ಹತ್ತಿ ಅಂಡಗಿ ಏನೋ? ನನ್ನ ತೂಕಾ ನಿಮ್ಮಣ್ಣಗ ಗೊತ್ತೈತಿ, ಸಾಕು."

"ನನಗೂ ಹೇಳಿಲ್ಲಪಾ!" ಒಳಗಿನಿಂದ ಅಪ್ಪನ ದನಿ.

ನಗು ಬಂತೇ? ನನಗೂ ಬರುತ್ತಿತ್ತು. ಈಗ ಹಿತ್ತಲಿನ ನಲ್ಲಿಯಿಂದ ಕೊಡಕ್ಕೆ ನೀರು ಬೀಳುವ ಸದ್ದು ಕೇಳಿದರೂ ಬರೆಯುವ ಕೈ ನಿಂತುಬಿಡುತ್ತದೆ. ಈಗಲೂ ನಿಂತಿತ್ತು. ಅವ್ವ ಹೋಗಿ ನಲ್ಲಿ ಬಂದ್ ಮಾಡಿ ಬಂದ ಮೇಲೆ ಈ ಸಾಲು ಬರೆಯುತ್ತಿದ್ದೇನೆ. ಆದ್ದರಿಂದ ನಗುವ ಭಾಗವನ್ನು ಮೊದಲು ಮುಗಿಸಿಬಿಡುತ್ತೇನೆ. ಆಮೇಲಿನದನ್ನು ಹೇಳಲು ಧೈರ್ಯ ಬೇಕು, ಅದು ನಗುತ್ತಿರುವಾಗಲೇ ಸ್ವಲ್ಪ ಕೂಡಿಬರಬೇಕು.

ಕಾಕಾ ಸೈನ್ಯದಲ್ಲಿದ್ದವನು. ಸೈನ್ಯ ಎಂದಕೂಡಲೇ ನಮ್ಮೂರಿನವರಿಗೆ ಬಂದೂಕು, ಹಿಮ, ಗಡಿ ಕಣ್ಣಿಗೆ ಬರುತ್ತವೆ. ಇವನಿಗೆ ಸಿಕ್ಕದ್ದು ದೋಣಿ! ನವಲಗುಂದದ ಎರೆಭೂಮಿಯಲ್ಲಿ ಹುಟ್ಟಿದವನು. ಯಮನೂರಿನ ದರ್ಗಾಕ್ಕೆ ಹೋದಾಗ ಬೆಣ್ಣಿಹಳ್ಳದಲ್ಲಿ ಮೊಣಕಾಲು ತೋಯಿಸಿಕೊಂಡದ್ದೇ ಅವನು ಅಲ್ಲಿಯವರೆಗೆ ಕಂಡ ಮಹಾಸಾಗರ. ಅಂಥವನನ್ನು ಒಯ್ದು ಸಮುದ್ರದ ನಡುವಿನ ದ್ವೀಪಗಳಿಗೆ ಹಾಕಿದರು. ಅಲ್ಲಿ ಕೆಲವು ಕಡೆ ಹಡಗು ಬಂದು ನಿಲ್ಲುವ ಕಟ್ಟೆಯೇ ಇಲ್ಲವಂತೆ. ದೊಡ್ಡ ಹಡಗು ದೂರದ ಆಳದಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ಚಪ್ಪಟೆ ತಳದ ದೋಣಿಗಳು ಅದರ ಬಾಜುಕ್ಕೆ ಹೋಗಿ, ಸಾಮಾನು ತುಂಬಿಕೊಂಡು, ದಂಡೆಯ ಮರಳಿಗೆ ನೇರವಾಗಿ ಮೂಗು ತೂರಿಸುತ್ತವೆ. ಆ ಮೂಗೇ ಬಾಗಿಲು. ಟ್ರೇಲರಿನ ಹಿಂಬದಿಯ ಹಲಗೆಯಂತೆ ಅದು ಕೆಳಗೆ ಬೀಳುತ್ತದೆ, ಸಾಮಾನು ಇಳಿಯುತ್ತದೆ. ಯಾವ ದೋಣಿಗೆ ಎಷ್ಟು ಭಾರ, ಯಾವುದು ಮೊದಲು, ಯಾವುದು ಆಮೇಲೆ, ಯಾವ ಅಲೆಯ ಬೆನ್ನು ಹತ್ತಿ ದಂಡೆಗೆ ಹೋಗಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಕಾಕಾನ ಕೆಲಸ.

ನಿವೃತ್ತನಾಗಿ ಊರಿಗೆ ಬಂದ ಹೊಸದರಲ್ಲಿ ಗುಡಿಯ ಕಟ್ಟೆಯ ಮೇಲೆ ಅವನನ್ನು ಸುತ್ತುಗಟ್ಟಿದರು.

"ಯುದ್ಧದಾಗ ಏನ್ ಮಾಡ್ದಿಪಾ?"

"ನಾ ಇದ್ದಲ್ಲಿ ಯುದ್ಧಾ ಆಗಲಿಲ್ಲ."

"ಮತ್ತ ಇಷ್ಟ ವರ್ಷ ಏನ್ ಮಾಡ್ದಿ?"

"ಉಳ್ಳಾಗಡ್ಡಿ ಇಳಿಸಿದೆ."

ಬಂದೂಕಿನ ಕತೆ ಕೇಳಲು ಕೂತ ಕಟ್ಟೆಗೆ ಸಿಕ್ಕದ್ದು ಈರುಳ್ಳಿ. ಆಮೇಲೆ ಯಾರೋ ಹಿರಿಯರು ಬಹಳ ಮರುಕದಿಂದ ಕೇಳಿದರಂತೆ: "ಉಳ್ಳಾಗಡ್ಡಿ ಇಳ್ಸಾಕ ಸಮುದ್ರಕ್ಕ ಯಾಕ ಹೋಗ್ಬೇಕಿತ್ತೋ ತಮ್ಮಾ, ಹುಬ್ಬಳ್ಳಿ ಮಾರ್ಕೆಟ್ ಇದ್ದಿಲ್ಲೇನು?"

ಕಾಕಾನಿಗೆ ಅವಮಾನವೇನೂ ಆಗಲಿಲ್ಲ. ಸಮುದ್ರದಲ್ಲಿ ಕಲಿತದ್ದನ್ನೆಲ್ಲ ಒಣನೆಲದ ಮೇಲೆ ನಡೆಸಲು ಶುರುಮಾಡಿದ, ಅಷ್ಟೇ. ಚಿಗವ್ವನ ಮಗಳ ಮದುವೆ ಕುಂದಗೋಳದಲ್ಲಿ. ಟೆಂಪೋ ತುಂಬಿಸುವ ಜವಾಬ್ದಾರಿಯನ್ನು ಯಾರೂ ಕೊಡದೆ ತಾನೇ ವಹಿಸಿಕೊಂಡ. ಅವನ ನಿಯಮ ಒಂದೇ: ಇಳಿದಕೂಡಲೇ ಬೇಕಾದದ್ದು ಕೊನೆಗೆ ಏರಬೇಕು, ತಡವಾಗಿ ಬೇಕಾದದ್ದು ಮೊದಲು ಏರಬೇಕು. ಒಪ್ಪುವಂಥ ಮಾತೇ. ಅದರಂತೆ ಅಡಿಗೆಯ ಪಾತ್ರೆಗಳನ್ನು ಬಾಗಿಲ ಬಳಿ ಇಟ್ಟ. ಎಲ್ಲಕ್ಕಿಂತ ಮೊದಲು ಏರಿಸಿ, ಮೂಲೆಗೆ ಸೇರಿಸಿ, ಮುಂದೆ ಗಾದಿಯ ಸುರುಳಿಗಳನ್ನು ಒಟ್ಟಿದ್ದು ಯಾರನ್ನು ಗೊತ್ತೇ? ಎಂಬತ್ತೊಂದು ಕಿಲೋ ಸೋದರತ್ತೆಯನ್ನು!

"ಅಲ್ಲೋ, ಅಕ್ಕನ್ನ ಯಾಕ ಒಳಗ ಹಾಕ್ದಿ?" ಎಂದು ಅಪ್ಪ ಕೂಗಾಡಿದರೆ, ಕಾಕಾ ತಣ್ಣಗೆ ಹೇಳಿದ: "ಅಕ್ಕ ಇಳದು ಏನ್ ಮಾಡಾಕಿ? ಬೀಗರಿಗೆ ಹೆಸರಿಡಾಕಿ. ಅದಕ್ಕ ಅಷ್ಟ ಏನ್ ಗಡಿಬಿಡಿ ಐತಿ?"

ಗಾದಿಗಳ ಹಿಂದಿನಿಂದ ಅತ್ತೆ ಕುಂದಗೋಳದವರೆಗೂ ಬೈಯುತ್ತ ಬಂದಳು. ಗಾದಿಯ ಹತ್ತಿ ದಪ್ಪವಿದ್ದುದರಿಂದ ನಮಗೆ ಅರ್ಧವಷ್ಟೇ ಕೇಳಿಸಿತು.

ಎರಡನೆಯ ಹುಚ್ಚು ಹಿಂದಿನ ಹಗ್ಗದ್ದು. ದಂಡೆಗೆ ಹೊರಟ ದೋಣಿ, ದಂಡೆ ಇನ್ನೂ ದೂರವಿರುವಾಗಲೇ ಹಿಂಬದಿಯಿಂದ ಒಂದು ಲಂಗರು ಇಳಿಸಿ, ಅದರ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಮುಂದೆ ಹೋಗಬೇಕಂತೆ. ಹಿಂದಿನ ಹಗ್ಗ ಬಿಗಿಯಾಗಿದ್ದರೆ ದೋಣಿ ಅಲೆಗೆ ಅಡ್ಡ ತಿರುಗುವುದಿಲ್ಲ. ಬರುವಾಗ ಅದೇ ಹಗ್ಗ ಎಳೆದುಕೊಂಡು ದಂಡೆ ಬಿಡಬಹುದು. ಅಡ್ಡ ತಿರುಗಿದರೆ ಮುಗಿಯಿತು. "ಮುಂದ ಹೋಗವ ಹಿಂದ ಕಟ್ಟಿರಬೇಕು" ಎಂದು ದಿನಕ್ಕೆ ಒಮ್ಮೆಯಾದರೂ ಹೇಳುತ್ತಿದ್ದ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಓಣಿಯಲ್ಲಿ ಬೈಕು ಹೋಗುವುದೆಂದರೆ ಹಿಟ್ಟು ನಾದಿದಂತೆ. ಕಾಕಾ ಗಿರಣಿಗೆ ಹೊರಟರೆ ಬೈಕಿನ ಹಿಂದಕ್ಕೊಂದು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮನೆಯ ಮುಂದಿನ ಬೇವಿನ ಗಿಡಕ್ಕೆ ಬಿಗಿದು ಹೋಗುತ್ತಿದ್ದ! ಊರೆಲ್ಲ ಹಗ್ಗ ದಾಟಿಕೊಂಡೇ ಓಡಾಡಿತು. ಅವನು ಹಿಟ್ಟು ಬೀಸಿಸಿಕೊಂಡು ಬರುವಷ್ಟರಲ್ಲಿ ಎದುರುಮನೆಯ ಅಜ್ಜಿ ಅದರ ಮೇಲೆ ಎರಡು ಸೀರೆ ಒಣಹಾಕಿರುತ್ತಿದ್ದಳು.

ಇನ್ನೊಂದು ಹುಚ್ಚಿಗೆ ಮಾತ್ರ ನಾವ್ಯಾರೂ ನಗಲಿಲ್ಲ. ಅರ್ಥವಾಗದ್ದಕ್ಕೆ ನಗುವುದು ಹೇಗೆ? ಪ್ರತಿ ವರ್ಷ ಬಿಳಿಜೋಳ ಮನೆಗೆ ಬಂದಮೇಲೆ ಒಂದು ಚೀಲ ತುಂಬಿ ಕಾಟಾಕ್ಕೆ ಹಾಕುತ್ತಾನೆ. ಮುಳ್ಳು ಎಪ್ಪತ್ತೊಂದಕ್ಕೆ ನಿಲ್ಲುವವರೆಗೆ ಬೊಗಸೆಯಿಂದ ಸುರಿಯುತ್ತ, ತೆಗೆಯುತ್ತ ಕೂರುತ್ತಾನೆ. "ಐವತ್ತು ಒಯ್ಯಿ, ಇಲ್ಲಾ ನೂರ ಒಯ್ಯಿ. ಇದ್ಯಾವ ಲೆಕ್ಕಾ?" ಎಂದು ಅಪ್ಪ ಕೇಳಿದರೆ ಇನ್ನೊಂದು ಬೊಗಸೆ ಸುರಿಯುತ್ತಾನೆ. ಆ ಚೀಲವನ್ನು ಬಸ್ಸಿಗೆ ಹಾಕಿಕೊಂಡು ಕಲಘಟಗಿ ಕಡೆಯ ಬಮ್ಮಿಗಟ್ಟಿಯ ಒಂದು ಮನೆಗೆ ಮುಟ್ಟಿಸಿ, ಚಹಾ ಕೂಡ ಕುಡಿಯದೆ ಬರುತ್ತಾನೆ. ಎಲ್ಲದಕ್ಕೂ ಒಂದು ಕುಹಕ ಇಟ್ಟುಕೊಂಡಿರುವ ಅವ್ವ, ಆ ಚೀಲದ ಬಾಯಿ ಹೊಲಿಯುವಾಗ ಮಾತ್ರ ತುಟಿ ಎರಡು ಮಾಡುವುದಿಲ್ಲ.

ಕೊನೆಯದು ದೋಣಿ. ಹಳ್ಳದ ಆಚೆಗಿರುವ ನಮ್ಮ ಹೊಲದಲ್ಲಿ ಒಂದು ಕೃಷಿಹೊಂಡವಿದೆ. ಗುಜರಿಗೆ ಹಾಕಬೇಕಾಗಿದ್ದ ಟ್ರೇಲರಿನ ಹಲಗೆಗಳು, ನಾಲ್ಕು ನೀಲಿ ಬ್ಯಾರಲ್ಲು, ಮುಂದೆ ತಿರುಗಣಿಯ ಬಾಗಿಲು: ಕಾಕಾನ ಹಡಗು ತಯಾರಾಯಿತು. ಹೊಂಡದ ಈ ಬದುವಿನಿಂದ ಆ ಬದುವಿಗೆ ಗೊಬ್ಬರದ ಚೀಲ ಸಾಗಿಸುತ್ತಿದ್ದ. ಸುತ್ತುಹಾಕಿ ನಡೆದರೆ ಎಲೆಯಡಿಕೆ ಹಾಕಿಕೊಳ್ಳುವಷ್ಟೂ ಹೊತ್ತು ಬೇಡ! ಬಿಗಿಯುವುದು, ಹಗ್ಗ ಬಿಡುವುದು, ಬಾಗಿಲು ಇಳಿಸುವುದು, ತನಗೆ ತಾನೇ ಹಸಿರು ಕರವಸ್ತ್ರ ಬೀಸುವುದು ಎಲ್ಲ ಸೇರಿ ಒಂದು ಚೀಲ ದಾಟಲು ಅರ್ಧ ಮುಂಜಾನೆ ಹೋಗುತ್ತಿತ್ತು. "ನಮ್ಮ ಮೈದುನ ಪರದೇಶಕ್ಕ ಹೋಗ್ಯಾನ, ಊಟಕ್ಕ ಬರ್ತಾನ" ಎಂದು ಅವ್ವ ಬಂದವರಿಗೆ ಹೇಳುತ್ತಿದ್ದಳು.

ನಗುವ ಭಾಗ ಮುಗಿಯಿತು.

ಶ್ರಾವಣದ ಒಂದು ಭಾನುವಾರ. ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದೆವು. ಅವ್ವ, ನಾನು, ಕೂಲಿಗೆ ಬಂದ ನಿಂಗವ್ವ ಮತ್ತು ಅವಳ ಇಬ್ಬರು ಜೊತೆಗಾತಿಯರು. ಕಾಕಾ ಹೊಂಡದಲ್ಲಿ ತನ್ನ ಪರದೇಶ ಯಾತ್ರೆಯಲ್ಲಿದ್ದ. ಆಕಾಶದಲ್ಲಿ ಒಂದು ಮೋಡವಿಲ್ಲ. ಬೆನ್ನು ಸುಡುವ ಬಿಸಿಲು. ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪೊಂದಿದೆ: ತಲೆಯ ಮೇಲಿನ ಆಕಾಶ ನೋಡಿ ಬೆಣ್ಣಿಹಳ್ಳವನ್ನು ನಂಬುತ್ತೇವೆ. ಹಿಂದಿನ ದಿನ ಮೇಲ್ಗಡೆ ಹುಬ್ಬಳ್ಳಿಯ ಬಾಜು ಸುರಿದ ಮಳೆಯ ಸುದ್ದಿ ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹೋದೆವು. ಸಮುದ್ರ ಕಂಡ ಕಾಕಾ ಕೂಡ ಹೋದ.

ನೀರು ಬಂದದ್ದು ಸದ್ದಿನಿಂದಲ್ಲ. ಮೊದಲು ಇಲಿಗಳು ಬಂದವು. ಹೆಸರಿನ ಸಾಲುಗಳ ನಡುವಿನಿಂದ ಇಲಿಗಳು ನಮ್ಮ ಕಾಲ ಮೇಲೆ ಹಾದು ಓಡಿದವು. ಹಿಂದೆಯೇ ಕರಿ ನೀರು, ಚಾಪೆ ಹಾಸಿದಂತೆ ಸದ್ದಿಲ್ಲದೆ ಹರಡುತ್ತ ಬಂತು. ಮನೆಯ ದಾರಿ ಆಗಲೇ ಮುಚ್ಚಿಹೋಗಿತ್ತು. ಹೊಂಡ ತೋಡಿದಾಗ ಬಿದ್ದ ಮಣ್ಣಿನ ದಿಬ್ಬವೊಂದೇ ಎತ್ತರದ ಜಾಗ, ಅದರ ತುದಿಗೊಂದು ಜಾಲಿಮರ. ಅಲ್ಲಿಗೆ ಏರಿದೆವು. ಕಾಕಾ ದೋಣಿಯನ್ನೂ ದಿಬ್ಬದ ಬುಡಕ್ಕೆ ತಂದು ಕಟ್ಟಿದ. ನೋಡನೋಡುತ್ತ ಹೊಂಡ ಯಾವುದು, ಹಳ್ಳ ಯಾವುದು ಗೊತ್ತಾಗದಂತೆ ಎಲ್ಲವೂ ಒಂದೇ ನೀರಾಯಿತು.

ಫೋನು ಹತ್ತಿತು. ಅಪ್ಪ ಮತ್ತು ಊರಿನವರು ಎದುರಿನ ಡಾಂಬರು ರಸ್ತೆಯ ಏರಿಗೆ ಬಂದು ನಿಂತರು. ಕೂಗಿದರೆ ಕೇಳುವಷ್ಟು ದೂರ, ಆದರೆ ನಡುವೆ ಆ ನೀರು. ರಕ್ಷಣೆಯ ದೋಣಿ ಬೇರೆ ಊರಿನಲ್ಲಿದೆ, ಬರುತ್ತದೆ, ಕಾಯಿರಿ ಎಂದರು. ಕಾಯಬಹುದಿತ್ತು, ದಿಬ್ಬ ಕಾದಿದ್ದರೆ. ಎರೆಮಣ್ಣು ನೀರುಂಡರೆ ಬೆಲ್ಲದ ಹಾಗೆ. ನಾವು ನಿಂತಿದ್ದ ನೆಲದ ಅಂಚು ತುತ್ತು ತುತ್ತಾಗಿ ಕಳಚಿ ಬೀಳುತ್ತಿತ್ತು. ನಿಂಗವ್ವ ದೇವರ ಹೆಸರು ಹೇಳುತ್ತ ಕುಕ್ಕರಿಸಿದಳು.

ಕಾಕಾ ನೀರನ್ನು ನೋಡುತ್ತ ನಿಂತಿದ್ದ. ಪ್ರವಾಹ ದಿಬ್ಬವನ್ನು ಬಳಸಿ ರಸ್ತೆಯ ಏರಿಯ ಕಡೆಗೇ ಓರೆಯಾಗಿ ಹೋಗುತ್ತಿತ್ತು. "ದಿಬ್ಬಾ ಹಡಗ. ರಸ್ತೆ ದಂಡಿ," ಎಂದ, ಯಾರಿಗೂ ಅಲ್ಲದಂತೆ. ಆಮೇಲೆ ತಿರುಗಿ, ಮದುವೆಯ ಟೆಂಪೋ ಮುಂದೆ ನಿಂತವನ ದನಿಯಲ್ಲಿ ಹೇಳಿದ: "ಎರಡು ಖೇಪ್. ಮೊದಲನೇದಕ್ಕ ಕೂಲಿ ಮಂದಿ ಮೂವರು. ಎರಡನೇದಕ್ಕ ವೈನಿ, ಐವತ್ತೆರಡು."

ನಿಂಗವ್ವ ಬಿಡಿಸಿದ ಹೆಸರಿನ ಚೀಲವನ್ನು ಅಪ್ಪಿಕೊಂಡೇ ಏರಲು ಬಂದಳು.

"ಚೀಲಾ ಬಿಡು."

"ಮುಂಜಾನಿಂದ ಬಿಡ್ಸೇನ್ರೀ ಯಪ್ಪಾ!"

"ಆತು, ಚೀಲಾ ಒಯ್ತೇನಿ. ನೀ ಉಳಿ."

ಅವಳು ಚೀಲ ಬಿಟ್ಟಳು. ಹಿಂದಿನ ಹಗ್ಗವನ್ನು ಜಾಲಿಮರಕ್ಕೆ ಒಂದು ಸುತ್ತು ಹಾಕಿ, ಅದರ ತುದಿಯನ್ನು ಅವ್ವನಿಗೂ ನನಗೂ ಕೊಟ್ಟ. "ನಾ 'ಬಿಡು' ಅಂದಾಗ ಬಿಡ್ರಿ, 'ಹಿಡಿ' ಅಂದಾಗ ಹಿಡೀರಿ. ನಡುವ ಅಳಬ್ಯಾಡ್ರಿ, ಅಳೂಮುಂದ ಕೈ ಸಡ್ಲ ಬಿಡ್ತಾವ."

ಆ ಮೂವರ ಜೊತೆ ತಾನೂ ದೋಣಿ ಏರಿದ. ಬಿಟ್ಟೆವು. ಹಿಡಿದೆವು. ಹಗ್ಗ ಅಂಗೈಯ ಚರ್ಮವನ್ನು ತೆಗೆದುಕೊಂಡು ಹೋಯಿತು. ದೋಣಿ ಮೂಗು ಮುಂದಾಗಿ ಇಳಿಯುತ್ತ ಇಳಿಯುತ್ತ ರಸ್ತೆಯ ಏರಿಗೆ ತಾಗಿತು, ಬಾಗಿಲು ಬಿತ್ತು, ಮೂವರೂ ಇಳಿದರು. ಆಚೆಯಿಂದ ಕೂಗು ಎದ್ದಿತು. ಖಾಲಿ ದೋಣಿಯನ್ನು ನಾವಿಬ್ಬರೂ ಎಳೆದೆವು, ಕಾಕಾ ಬಿದಿರಿನ ಗಳದಿಂದ ಒತ್ತಿದ. ದಿಬ್ಬದ ಮರೆಯಲ್ಲಿ ಸೆಳವು ಕಡಿಮೆ ಇದ್ದುದರಿಂದ ಹೇಗೋ ಬಂತು.

ಅಷ್ಟರಲ್ಲಿ ಮರದ ಬೇರು ಕಾಣತೊಡಗಿತ್ತು.

"ವೈನಿ, ಈಗರ ಖರೇ ತೂಕಾ ಹೇಳ್ರಿ."

"ಅರವತ್ತು."

"ವೈನಿ!"

"ಅರವತ್ತೆಂಟು... ಸೀರಿ ತೊಯ್ದೈತಿ, ಎಪ್ಪತ್ತ ಹಿಡಿ."

ಆ ನೀರಿನ ನಡುವೆ ಅವನು ನಕ್ಕ. ಅಷ್ಟು ವರ್ಷಗಳಿಂದ ಸಿಗದಿದ್ದ ಅಂಕಿ ಕೊನೆಗೂ ಸಿಕ್ಕಿತ್ತು! ಅವ್ವನನ್ನು ಹಿಂದೆ ಕೂರಿಸಿ, ನನ್ನನ್ನು ಮುಂದೆ ಕೂರಿಸಿದ. ಈಗ ದಿಬ್ಬದ ಮೇಲೆ ಹಗ್ಗ ಹಿಡಿಯಲು ಯಾರೂ ಇರಲಿಲ್ಲವಲ್ಲ, ಹಗ್ಗವನ್ನು ಮರಕ್ಕೆ ಬಳಸಿ ಎರಡೂ ತುದಿಗಳನ್ನು ದೋಣಿಗೇ ತಂದುಕೊಂಡ. ಒಂದನ್ನು ಹಲಗೆಗೆ ಬಿಗಿದು, ಇನ್ನೊಂದನ್ನು ತಾನೇ ಹಿಡಿದು ಸ್ವಲ್ಪ ಸ್ವಲ್ಪ ಬಿಡುತ್ತ ಹೊರಟ.

ಅರ್ಧ ದಾರಿ. ಮುಂದಿನದನ್ನು ನಾನು ಇಂದಿಗೂ ದಿನವೂ ನೋಡುತ್ತೇನೆ. ಪಾಠ ಮಾಡುವಾಗ, ಬಸ್ಸಿನ ಕಿಟಕಿಯಲ್ಲಿ, ಅನ್ನಕ್ಕೆ ಸಾರು ಸುರಿದುಕೊಳ್ಳುವಾಗ. ಮೇಲಿನಿಂದ ಕೊಚ್ಚಿಕೊಂಡು ಬಂದ ಮರದ ಬೊಡ್ಡೆಯೊಂದು ಬಲಗಡೆಯ ಬ್ಯಾರಲ್ಲಿಗೆ ಬಡಿಯಿತು. ದೋಣಿ ಅಡ್ಡ ತಿರುಗಿತು. ಹಲಗೆ ಓರೆಯಾಯಿತು, ನಾನು ಜಾರಿದೆ. ಸೊಂಟದವರೆಗೆ ನೀರಿನಲ್ಲಿದ್ದೆ. ನೀರು ತಣ್ಣಗಿರಲಿಲ್ಲ, ಬೆಚ್ಚಗಿತ್ತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ, ಯಾವುದೋ ಬಾಯಿಯ ಒಳಗಿದ್ದ ಹಾಗೆ.

"ಗಿರಿಜಾ!"

ನನ್ನ ಹೆಸರು. ಅದನ್ನು ಅವನ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಕೂಗಿದವನ ಮುಖ ನೋಡಿದೆ. ಅದು ಕಾಕಾನ ಮುಖವೇ ಆಗಿರಲಿಲ್ಲ. ಕಣ್ಣು ನನ್ನ ಮೇಲಿದ್ದವು, ಆದರೆ ನೋಡುತ್ತಿದ್ದುದು ಬೇರೆ ಯಾರನ್ನೋ. ಅವನ ಕೈಗಳು ಗಡಗಡ ನಡುಗುತ್ತಿದ್ದವು, ಹಗ್ಗ ಬೆರಳುಗಳ ನಡುವಿನಿಂದ ಸರಸರನೆ ಓಡುತ್ತಿತ್ತು.

ಅವ್ವ ಅವನ ಹಿಂದಿನಿಂದ ಬಾಗಿ, ಆ ಹಗ್ಗದ ಮೇಲೆ ತನ್ನ ಎಪ್ಪತ್ತೂ ಕಿಲೋ ಹಾಕಿ ಬಿದ್ದಳು. ಬಿದ್ದಲ್ಲಿಂದಲೇ ಅವನ ಕಿವಿಯಲ್ಲಿ ಚೀರಿದಳು:

"ಗಿರಿಜಾ ಅಲ್ಲೋ! ಐವತ್ತೆರಡು ಕಿಲೋ! ಸಾಮಾನ ಅಷ್ಟ ಅದು, ಸಾಮಾನ! ಹಗ್ಗಾ ಹಿಡಿ!"

ಹೆತ್ತ ತಾಯಿ ನನ್ನನ್ನು ಸಾಮಾನು ಎಂದಳು. ಅದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ನಾನು ಈವರೆಗೆ ಕೇಳಿಲ್ಲ.

ಕಾಕಾನ ಕಣ್ಣು ತಿರುಗಿ ಬಂದವು. ಕೈ ಬಿಗಿಯಾದವು. ಹಗ್ಗ ನಿಂತಿತು, ದೋಣಿಯ ಮೂಗು ನಿಧಾನಕ್ಕೆ ಮತ್ತೆ ರಸ್ತೆಯ ಕಡೆ ಹೊರಳಿತು. "ಐವತ್ತೆರಡು," ಎಂದ, ಚಹಾ ಕೇಳುವ ದನಿಯಲ್ಲಿ, "ಎಡಕ್ಕ ಹಲಗಿ ಐತಿ, ಹಿಡಕೋ. ಮ್ಯಾಲೆ ಬಾ. ಬೋರಲ ಮಲಗು." ಹಿಡಿದೆ. ಬಂದೆ. ಮಲಗಿದೆ.

ಬಾಗಿಲು ಡಾಂಬರಿನ ಅಂಚಿಗೆ ಬಿದ್ದಾಗ ಅಪ್ಪ ನೀರಿಗಿಳಿದು ನನ್ನನ್ನು ಎತ್ತಿಕೊಂಡರು. ಕಾಕಾ ಕೊನೆಗೆ ಇಳಿದ. ತಿರುಗಿ ನೋಡಿದರೆ ದಿಬ್ಬವೂ ಇರಲಿಲ್ಲ, ಜಾಲಿಮರವೂ ಇರಲಿಲ್ಲ.

ನೀರು ಇಳಿದ ಮೇಲೆ ಹೊಲದಲ್ಲಿ ಉಳಿದದ್ದು ಕೆಸರು ಮತ್ತು ಕೊಳೆತ ಹೆಸರಿನ ವಾಸನೆ. ಮನೆಯಲ್ಲಿ ಉಳಿದದ್ದು ಅದಕ್ಕಿಂತ ಕಷ್ಟದ್ದು. ಊರಿನವರು ಶಾಲು ಹೊದಿಸಲು ಬಂದರು. ಕಾಕಾ ಯಾರಿಗೂ ಕಾಟಾ ತೋರಿಸಲಿಲ್ಲ. ಅವತ್ತು ಸಂಜೆಯೇ ಅದನ್ನು ತೊಲೆಯಿಂದ ಬಿಚ್ಚಿ ಜೋಳದ ಕಣಜದ ಹಿಂದೆ ಇಟ್ಟುಬಿಟ್ಟ. ಬೈಕಿಗೆ ಹಗ್ಗ ಕಟ್ಟುವುದನ್ನು ನಿಲ್ಲಿಸಿದ. ಎದುರುಮನೆಯ ಅಜ್ಜಿ ಸೀರೆ ಹಿಡಿದು ಬಂದು, ಹಗ್ಗ ಕಾಣದೆ ಹಿಂದೆ ಹೋದಳು. "ಗಿರಿಜಾ, ಚಾ ಕೊಡ್ತಿ?" ಎಂದು ಮೆಲ್ಲಗೆ ಕೇಳತೊಡಗಿದ. ಹೆಸರು ಹೇಳಿದಾಗಲೆಲ್ಲ ಅವನ ಕೈಯಲ್ಲಿದ್ದ ಖಾಲಿ ಚಹಾ ಕಪ್ಪು ಕೆಳಗಿನ ಬಸಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು. ಆ ಸದ್ದನ್ನು ಕೇಳಲಾರದೆ ನಾನು ಒಳಗೆ ಹೋಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಬೆಚ್ಚನೆಯ ನೀರು ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದ ಅವ್ವನನ್ನು ಕೇಳಿದೆ. "ಅವತ್ತ ಅವನಿಗೆ ಹಂಗ್ಯಾಕ ಅಂದಿ, ಅವ್ವ?"

ಅವ್ವ ಮೊರ ಕೆಳಗಿಟ್ಟಳು. "ಬಮ್ಮಿಗಟ್ಟಿ ಕಡೆಯಾವ ಒಬ್ಬ ಜೋಡಿ ಇದ್ದ ಅವಗ, ದೋಣಿ ಮ್ಯಾಲೆ. ಒಂದಿನ ದೋಣಿ ಅಡ್ಡ ಹೊಳ್ಳಿತಂತ. ಆ ಹುಡುಗ ನೀರಿಗೆ ಬಿದ್ದಾನ, ನಿಮ್ಮ ಕಾಕಾ ಅವನ ಹೆಸರ ಹಿಡದು ಕೂಗ್ಯಾನ. ಕೂಗೂದ್ರಾಗ ಕೈ ನಡಗಿ ಹಗ್ಗಾ ಬಿಟ್ಟೈತಿ. ಅವತ್ತಿನಿಂದ ಯಾರದೂ ಹೆಸರ ತಗೊಳ್ಳಂಗಿಲ್ಲ. 'ಸಾಮಾನ ಅಂದ್ರ ಕೈ ನಡಗಂಗಿಲ್ಲ ವೈನಿ' ಅಂತಿದ್ದ." ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಹೇಳಿದಳು: "ಎಪ್ಪತ್ತೊಂದು ಕಿಲೋ ಇದ್ನಂತ ಆ ಹುಡುಗ. ದಂಡಿಗೆ ಮುಟ್ಟಸಾಕ ಆಗಲಿಲ್ಲಲಾ. ಅದಕ್ಕ ವರ್ಷಾ ಅವರ ಮನಿಗೆ ಮುಟ್ಟಸ್ತಾನ."

ನಾನು ಎದ್ದು ಕಣಜದ ಹಿಂದಿನಿಂದ ಕಾಟಾ ತೆಗೆದೆ. ಧೂಳು ಒರೆಸಿ, ಮಣೆ ಹಾಕಿ ಹತ್ತಿ, ತೊಲೆಗೆ ನೇತುಹಾಕಿದೆ. ಕಾಕಾ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಕೊಂಡಿ ಹಿಡಿದು, ಕಾಲು ಮಡಚಿ ಜೋತುಬಿದ್ದೆ.

"ಕಾಕಾ, ಎಷ್ಟೈತಿ ನೋಡು. ನನಗ ಕಾಣಂಗಿಲ್ಲ."

ಅವನು ಬಹಳ ಹೊತ್ತು ಏಳಲಿಲ್ಲ. ನನ್ನ ಅಂಗೈಯ ಹಗ್ಗದ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ, ಉರಿಯುತ್ತಿತ್ತು. ಆದರೂ ಬಿಡಲಿಲ್ಲ. ಕೊನೆಗೆ ಎದ್ದು ಬಂದ. ಮುಳ್ಳಿನ ಹತ್ತಿರ ಮುಖ ಒಯ್ದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ.

"ನಲವತ್ತೇಳು," ಎಂದ.

ಮುಳ್ಳನ್ನೂ ನನ್ನನ್ನೂ ಒಮ್ಮೆ ನೋಡಿದ. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, ಎಷ್ಟೋ ದಿನಗಳ ಮೇಲೆ, ಹಡಗಿನಿಂದ ದಂಡೆಗೆ ಕೇಳುವಂಥ ದನಿಯಲ್ಲಿ ಕೂಗಿದ:

"ವೈನೀ! ಸಾಮಾನ ಐದು ಕಿಲೋ ಕಮ್ಮಿ ಬಂದೈತಿ!"

"ನಿನ್ನ ಹಡಗದಾಗ ಇಲಿ ಇರಬೇಕು ನೋಡು!" ಅವ್ವನ ದನಿಯ ಹಿಂದೆಯೇ ಒಲೆಗೆ ಹಂಚು ಇಟ್ಟ ಸದ್ದೂ ಬಂತು.

ಬಿಸಿ ರೊಟ್ಟಿ ಬಂದವು, ಬೆಣ್ಣೆ ಬಂತು. ಕಾಕಾ ತನ್ನ ತಟ್ಟೆಯ ಬೆಣ್ಣೆಯುಂಡೆಯನ್ನು ಎತ್ತಿ ನನ್ನ ರೊಟ್ಟಿಯ ಮೇಲೆ ಇಳಿಸಿದ. ನಡುವಿನಲ್ಲಿ, ಎರಡೂ ಕಡೆ ಭಾರ ಸಮನಾಗುವಂತೆ. ಕೈ ನಡುಗಲಿಲ್ಲ.

"ತಿನ್ನು, ಐವತ್ತೆರಡು," ಎಂದ.